ನಿಲ್ಲದ ಪಂಪ್‌ಸೆಟ್ಟಿಗೆ ಬದಿಯಡ್ಕದಲ್ಲೊಂದು ದುರಸ್ತಿ ಅಂಗಡಿ

ಅಡಿಕೆ ತೋಟಕ್ಕೆ ನೀರು ಹಾಯಿಸಲು ಕರೆಂಟಿನ ಮೋಟಾರಿನ ಜೊತೆಗೆ ಡೀಸೆಲ್ ಪಂಪ್‌ಸೆಟ್ಟನ್ನೂ ಇಟ್ಟುಕೊಂಡಿರುವ ಕಾಸರಗೋಡಿನ ಕೃಷಿಕರಿಗೆ ಬದಿಯಡ್ಕ ಪೇಟೆಯ ಸಮೀಪದ ಈ ಎಂಜಿನ್ ದುರಸ್ತಿ ಅಂಗಡಿಯನ್ನು ಧೈರ್ಯವಾಗಿ ಸೂಚಿಸಬಹುದು. ನಮ್ಮ ಹಳೆಯ ಸಿಂಗಲ್ ಸಿಲಿಂಡರ್ ಎಂಜಿನ್ ಸ್ಟಾಪ್ ಲಿವರ್ ಎಳೆದರೂ ನಿಲ್ಲದೆ, ವೇಗ ಏರಿಸಿಕೊಳ್ಳುತ್ತ ದಟ್ಟ ಹೊಗೆ ಉಗುಳತೊಡಗಿದ್ದರಿಂದ ಅದನ್ನು ಅಲ್ಲಿಗೆ ಒಯ್ದಿದ್ದೆವು.

ಮೇಸ್ತ್ರಿ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿದ ಪ್ರಶ್ನೆಗಳಲ್ಲೇ ಅವರ ಅನುಭವ ಕಾಣುತ್ತಿತ್ತು: ಹೊಗೆ ಕಪ್ಪೋ ನೀಲಿಯೋ, ಟ್ಯಾಂಕಿನ ಕಾಕ್ ಮುಚ್ಚಿದ ಮೇಲೂ ಓಡಿತೋ, ಆಯಿಲ್ ಗುರುತಿಗಿಂತ ಮೇಲಿತ್ತೋ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯಲ್ಲೇ ಇಂಧನ ಹೊತ್ತಿಕೊಳ್ಳುತ್ತದೆ. ಇಂಧನ ಪಂಪಿನ ರ‍್ಯಾಕ್ (ಡೀಸೆಲ್ಲಿನ ಅಳತೆ ಹೆಚ್ಚುಕಡಿಮೆ ಮಾಡುವ ಸರಳು) ಸಿಕ್ಕಿಕೊಂಡಿದ್ದರೆ ಕಾಕ್ ಮುಚ್ಚಿ, ಫಿಲ್ಟರು ಮತ್ತು ಪೈಪಿನಲ್ಲಿ ಉಳಿದ ಡೀಸೆಲ್ ತೀರಿದೊಡನೆ ಅದು ನಿಲ್ಲುತ್ತದೆ. ಆದರೆ ಪಿಸ್ಟನ್ನಿನ ಸವೆದ ರಿಂಗ್‌ಗಳ ಸಂದಿಯಿಂದಲೋ, ಗಾಳಿ ಸೋಸಲು ಆಯಿಲ್ ಹಾಕುವ ಏರ್ ಕ್ಲೀನರನ್ನು ಅತಿಯಾಗಿ ತುಂಬಿಸಿದ್ದರಿಂದಲೋ ಆಯಿಲ್ ಒಳಗೆ ಸೇರುತ್ತಿದ್ದರೆ ಎಂಜಿನ್ ಅದನ್ನೇ ಉರಿಸಿಕೊಂಡು ಓಡುವುದರಿಂದ, ಡೀಸೆಲ್ ತಡೆದು ಪ್ರಯೋಜನವಿಲ್ಲ, ಗಾಳಿಯನ್ನೇ ತಡೆಯಬೇಕು. ನಮ್ಮದು ಈ ಎರಡನೆಯ ಜಾತಿಯದು.

ರಿಂಗ್ ಬದಲಾಯಿಸಿದ್ದು ಯಾವ ಅಂಗಡಿಯಲ್ಲೂ ಆಗಬಹುದಾದ ಕೆಲಸ. ನನಗೆ ಮೆಚ್ಚಿಕೆಯಾದದ್ದು, ನೀರು ಬಿಡುವ ಆಳುಗಳನ್ನೂ ಕರೆಸಿ, ತುಳುವಿನಲ್ಲಿ ಸಾವಧಾನವಾಗಿ ಅವರು ನೀಡಿದ ತಿಳಿವಳಿಕೆ. ಗಾಳಿ ಎಳೆಯುವ ಬಾಯಿಗೆ ದಪ್ಪ ಹಲಗೆಯನ್ನೋ ಕಬ್ಬಿಣದ ತಗಡನ್ನೋ ಬಿಗಿಯಾಗಿ ಒತ್ತಬೇಕು. ಅಂಗೈ ಒಡ್ಡಬಾರದು, ತೆಳುವಾದ ಬಟ್ಟೆಯಾದರೆ ಒಳಗೆ ಎಳೆದುಕೊಂಡೇ ಹೋಗುತ್ತದೆ. ಕಾರ್ಬನ್ ಡೈಆಕ್ಸೈಡಿನ ಅಗ್ನಿಶಾಮಕವಿದ್ದರೆ ಅದೇ ಬಾಯಿಗೆ ಹಾಯಿಸಬಹುದು. ಫ್ಲೈವೀಲ್ ಮಿತಿಮೀರಿ ತಿರುಗಿ ಒಡೆದರೆ ಚೂರುಗಳು ಅದರ ಸುತ್ತಿನ ನೇರಕ್ಕೆ ಸಿಡಿಯುವುದರಿಂದ ಆ ನೇರದಲ್ಲಿ ಯಾರೂ ನಿಲ್ಲಬಾರದು. ಓಡುತ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸುವ ಸಾಹಸವನ್ನು ಅವರು ಖಡಾಖಂಡಿತವಾಗಿ ನಿಷೇಧಿಸಿದರು, ಏಕೆಂದರೆ ಅಲ್ಲಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ಭೇದಿಸಬಲ್ಲದು. ವಾಲ್ವ್ ತೆರೆದು ಸಿಲಿಂಡರಿನ ಒತ್ತಡ ಬಿಡಿಸುವ ಡಿಕಂಪ್ರೆಶನ್ ಲಿವರ್ ಎತ್ತಿ ದಿನವೂ ಎಂಜಿನ್ ನಿಲ್ಲಿಸುವ ರೂಢಿ ನಮ್ಮಲ್ಲಿ ಬಹಳ ಕಡೆ ಇದೆ. ಅದರಿಂದ ವಾಲ್ವ್ ಕೆಡುತ್ತದೆ, ಗಾಳಿ ಮುಚ್ಚಲಾಗದ ಆಪತ್ತಿಗಷ್ಟೇ ಅದನ್ನು ಮೀಸಲಿಡಿ ಎಂದರು.

ಕೊನೆಗೆ ಏರ್ ಕ್ಲೀನರಿನ ಬಾಯಿಗೆ ಸರಿಹೊಂದುವ, ಹಿಡಿಯಿರುವ, ಒಳಮೈಗೆ ರಬ್ಬರು ಅಂಟಿಸಿದ ಒಂದು ತಗಡನ್ನು ಕತ್ತರಿಸಿ ಕೊಟ್ಟರು. ಅದಕ್ಕೆ ಬೇರೆ ಹಣ ಕೇಳಲಿಲ್ಲ.

ದೂರುಗಳೂ ಇವೆ. ಮಜೂರಿ ಕಡಿಮೆಯೇನಲ್ಲ, ಬಿಡಿಭಾಗಗಳಿಗೆ ಎಷ್ಟು, ಕೆಲಸಕ್ಕೆ ಎಷ್ಟು ಎಂದು ಬಿಡಿಸಿ ಬರೆದ ಬಿಲ್ಲು ಕೇಳಿದರೂ ಸಿಗುವುದಿಲ್ಲ. ಹೇಳಿದ ದಿನಕ್ಕೆ ಎಂಜಿನ್ ಕೈಸೇರುವ ಭರವಸೆಯೂ ಇಲ್ಲ. ಫೆಬ್ರವರಿ, ಮಾರ್ಚಿನಲ್ಲಿ ತೋಟ ಒಣಗತೊಡಗಿದಾಗ ಅಂಗಡಿಯ ಮುಂದೆ ಪಂಪ್‌ಸೆಟ್ಟುಗಳ ಸಾಲೇ ನಿಲ್ಲುವುದರಿಂದ, ಹಳೆಯ ಎಂಜಿನ್ ಇರುವವರು ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆ ಬಿಡುವ ಹೊತ್ತಿಗೇ ಒಯ್ದು ತೋರಿಸುವುದು ಲೇಸು.