ಟ್ಯೂಬಿಂಗನ್‌ಗೆ ಹೋದ ಕೋರಿ ರೊಟ್ಟಿ

ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಅಂಗಡಿಯ ರೊಟ್ಟಿ ಪ್ಯಾಕೆಟ್ ಬಗ್ಗೆ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುವುದಿಲ್ಲ, ಯಾಕೆಂದರೆ ಸ್ವಲ್ಪ ಬೈಯಲಿಕ್ಕೂ ಉಂಟು.

ಘಟ್ಟದ ಮೇಲಿನವರಿಗೆ ಒಂದು ಮಾತು. ತುಳುವಿನಲ್ಲಿ ಕೋರಿ ಅಂದರೆ ಕೋಳಿ. ರೊಟ್ಟಿ ಅಂದರೆ ನಿಮ್ಮ ಜೋಳದ ರೊಟ್ಟಿ ಅಲ್ಲ. ಕುಚ್ಚಲಕ್ಕಿಯದ್ದು, ಕಾಗದದಷ್ಟು ತೆಳ್ಳಗೆ, ಗರಿಗರಿ. ತಟ್ಟೆಯಲ್ಲಿ ಮುರಿದು ಹಾಕಿ ಮೇಲಿಂದ ಬಿಸಿ ಕೋಳಿ ಸಾರು ಸುರಿಯುವುದು.

ಎರಡು ವರ್ಷದ ಹಿಂದೆ ನಾನು ಓದಲಿಕ್ಕೆ ಜರ್ಮನಿಗೆ ಹೊರಟಾಗ ಅಮ್ಮ ಎರಡು ಪ್ಯಾಕೆಟ್ ಕಟ್ಟಿಸಿದರು. "ದುಬೈಗಾ?" ಅಂದರು ಅಂಗಡಿಯ ಅಕ್ಕ. ಜರ್ಮನಿಗೆ ಅಂದೆ. "ಅಲ್ಲಿ ಕೋರಿ ಸಿಗ್ತದಾ?" ಕೋಳಿ ಸಿಗುತ್ತದೆ. ಒಯ್ಯಲಿಕ್ಕೆ ಆಗದ್ದು ತುಪ್ಪ. ಯುರೋಪಿನೊಳಗೆ ನಾವು ಮಾಂಸ, ಹಾಲಿನ ಪದಾರ್ಥ ತೆಗೆದುಕೊಂಡು ಹೋಗುವ ಹಾಗಿಲ್ಲ. ರೊಟ್ಟಿಗೆ ಯಾರೂ ಏನೂ ಹೇಳಲಿಲ್ಲ.

ನಾನು ಓದುವ ಊರು ಟ್ಯೂಬಿಂಗನ್. ನಿಘಂಟಿನ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲೇ. ಅವರ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಲ್ಲಿ. ಅವರು ಇಲ್ಲಿಗೆ ಬಂದು ಅಷ್ಟು ದಪ್ಪದ ಪುಸ್ತಕ ಮಾಡಿದರು, ನಾನು ಅಲ್ಲಿಗೆ ಹೋಗಿ ನಾಲ್ಕು ಜನರ ಹತ್ತಿರ ಮಾತಾಡಲಾರೆನಾ ಅಂದುಕೊಂಡಿದ್ದೆ. ಆಗಲಿಲ್ಲ ಮಾರಾಯ್ರೆ. ಇಲ್ಲಿ ಎ2 ಮಟ್ಟದವರೆಗೆ, ಅಂದರೆ ಕೆಳಗಿನಿಂದ ಎರಡನೇ ಮೆಟ್ಟಿಲಿನವರೆಗೆ, ಜರ್ಮನ್ ಕಲಿತಿದ್ದೆ. ಅಲ್ಲಿಯವರ ಬಾಯಲ್ಲಿ ಬರುವುದು ಶ್ವೇಬಿಷ್, ಆ ಕಡೆಯ ಆಡುಮಾತು. ಪುಸ್ತಕದ ಕನ್ನಡ ಕಲಿತವನು ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟಾಪಿನಲ್ಲಿ ಇಳಿದು ಸುತ್ತ ತುಳು ಕೇಳಿ ಕಣ್ಣು ಬಿಡುತ್ತಾನಲ್ಲ, ಹಾಗೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಒಂದು ತಿಂಗಳು 'ಹಲೋ' ಬಿಟ್ಟು ಬೇರೆ ಮಾತಿಲ್ಲ.

ನವೆಂಬರಿನ ಒಂದು ರಾತ್ರಿ ಟರ್ಕಿಯವರ ಅಂಗಡಿಯ ಕೋಳಿ, ಡಬ್ಬಿ ತೆಂಗಿನ ಹಾಲು, ಅಮ್ಮನ ಮಸಾಲೆ ಪುಡಿ ಹಾಕಿ ಸಾರು ಮಾಡಿದೆ. ಪ್ಯಾಕೆಟ್ ಬಿಚ್ಚಿದರೆ ಮುಕ್ಕಾಲು ಪಾಲು ಚೂರು! ಅಷ್ಟು ತೆಳು ಪ್ಲಾಸ್ಟಿಕ್ಕಿಗೆ ರೊಟ್ಟಿ ತುಂಬಿಸಿ ಒಂದು ಸ್ಟೇಪ್ಲರ್ ಪಿನ್ ಹೊಡೆದರೆ ಇನ್ನೇನಾಗುತ್ತದೆ? ಉಳಿದ ಒಂದೇ ಒಂದು ಇಡೀ ರೊಟ್ಟಿಯನ್ನು ಸಿಟ್ಟಿನಲ್ಲಿ ತಟ್ಟೆಗೆ ಕುಕ್ಕಿದೆ. ಪಟಾರ್ ಅಂತು. ಪಕ್ಕದ ಕೋಣೆಯ ಹುಡುಗ ಓಡಿ ಬಂದ, ಪಿಂಗಾಣಿ ಒಡೆಯಿತು ಅಂತ. ಚೂರು ನೋಡಿ ನಕ್ಕು "ಶೆರ್ಬೆನ್ ಬ್ರಿಂಗೆನ್ ಗ್ಲುಕ್" ಅಂದ. ಒಡೆದ ಚೂರು ಅದೃಷ್ಟ ತರುತ್ತದೆ ಅನ್ನುವುದು ಅಲ್ಲಿಯ ಗಾದೆ. ನನಗೆ ಅರ್ಥವಾದದ್ದು ಮರುದಿನ.

ಅಷ್ಟರಲ್ಲಿ ಕೊರಿಯಾದ ಹುಡುಗಿ ಬಂದಳು. ಪ್ಯಾಕೆಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಕೋರಿ ಅಂತ ಓದಿ, ತನ್ನ ಎದೆ ಮುಟ್ಟಿ "ಕೊರೇಯಾ?" ಅಂದಳು. ಕೋಳಿಗೆ ಜರ್ಮನ್ ಶಬ್ದ ನೆನಪಿಗೇ ಬರಲಿಲ್ಲ. ಎರಡೂ ಕೈ ರೆಕ್ಕೆ ಮಾಡಿ ಕೊಕ್ಕೊಕ್ಕೋ ಅಂದೆ. ಅವಳು ತಲೆ ಅಲ್ಲಾಡಿಸಿ "ಕೊಕ್ಕಿಯೋ" ಅಂತ ತಿದ್ದಿದಳು. ಹುಡುಗ "ಕಿಕೆರಿಕಿ" ಅಂತ ಇಬ್ಬರನ್ನೂ ತಿದ್ದಿದ. ಹತ್ತು ನಿಮಿಷ ಮೂರು ದೇಶದ ಹುಂಜ ಕೂಗಿದವು. ರಾತ್ರಿ ಹತ್ತರ ಮೇಲೆ ಅಲ್ಲಿ ಸದ್ದು ಮಾಡುವ ಹಾಗಿಲ್ಲ. ಪುಣ್ಯಕ್ಕೆ ಆಗ ಎಂಟು ಗಂಟೆ.

ಹುಡುಗನಿಗೆ ಗೋಧಿ ಆಗುವುದಿಲ್ಲ. ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಏನು ಹಾಕಿದ್ದಾರೆ ಅಂತ ಒಂದಕ್ಷರ ಇಲ್ಲ. ಇದು ದೊಡ್ಡ ತಪ್ಪು, ಅಂಗಡಿಯವರು ಓದುತ್ತಿದ್ದರೆ ಗಮನಿಸಿ. ಅಮ್ಮನಿಗೆ ಫೋನ್ ಮಾಡಿದೆ. ಮಂಗಳೂರಲ್ಲಿ ಆಗ ಹನ್ನೆರಡೂವರೆ ರಾತ್ರಿ. "ರೊಟ್ಟಿಗೆ ಅಕ್ಕಿ ಅಲ್ಲದೆ ಮತ್ತೆ ಎಂತ ಹಾಕ್ತಾರೆ! ಮಲಗು" ಅಂತ ಇಟ್ಟರು. ಅವನು ಆ ರಾತ್ರಿ ಬರೀ ಸಾರು ಕುಡಿದ. ಮರುದಿನ ಅಮ್ಮ ಅಂಗಡಿಗೇ ಹೋಗಿ ಕೇಳಿ, ಅಕ್ಕಿ, ಉಪ್ಪು, ನೀರು ಅಂತ ಮೆಸೇಜ್ ಹಾಕಿದ ಮೇಲೆ ನೋಡಬೇಕಿತ್ತು. "ಅ ಬಿಸ್ಲೆ" ಅನ್ನುತ್ತಾ ತಟ್ಟೆ ಚಾಚುತ್ತಲೇ ಇದ್ದ. ನಾನು ಇವನಿಗೆ ನಮ್ಮ ಬಿಸ್ಲೆ ಘಾಟಿ ಹೇಗೆ ಗೊತ್ತು ಅಂತ ನೋಡಿದೆ. ಶ್ವೇಬಿಷ್‌ನಲ್ಲಿ 'ಒಂಚೂರು' ಅಂತ ಅರ್ಥವಂತೆ. ನಾನು ಮರೆಯದೆ ಕಲಿತ ಮೊದಲ ಶ್ವೇಬಿಷ್ ಶಬ್ದ ಅದು.

ರುಚಿಗೆ ಐದಕ್ಕೆ ಐದು. ಮೂರು ತಿಂಗಳಾದರೂ ಗರಿ ಹೋಗಲಿಲ್ಲ, ಕಮಟು ವಾಸನೆ ಇಲ್ಲ, ಸಾರಿನಲ್ಲಿ ಮೆತ್ತಗಾದರೂ ಅಂಟಾಗಲಿಲ್ಲ. ಪ್ಯಾಕಿಂಗಿಗೆ ಒಂದು, ಅದೂ ಅಕ್ಕನ ಮುಖ ನೋಡಿ. ಒಯ್ಯುವವರು ಅಗಲದ ಸ್ಟೀಲ್ ಡಬ್ಬಿಗೆ ಹಾಕಿ ಸೂಟ್‌ಕೇಸಿನ ನಡುವೆ, ಬಟ್ಟೆಯೊಳಗೆ ಇಡಿ.

ರಜೆಗೆ ಬಂದವಳು ನಿನ್ನೆ ಮತ್ತೆ ಹೋಗಿದ್ದೆ. ಪ್ಲಾಸ್ಟಿಕ್ ಅದೇ, ಪಿನ್ನೂ ಅದೇ. ಆರು ಪ್ಯಾಕೆಟ್ ಹೇಳಿದೆ. ಅಕ್ಕ ಒಂದನ್ನು ಎತ್ತಿ ನೋಡಿ, "ಇದು ಚೂರಾಗಿದೆ, ಬೇರೆ ಕೊಡ್ತೇನೆ" ಅಂದರು.

"ಬೇಡ ಅಕ್ಕ, ಅದೇ ಹಾಕಿ" ಅಂದೆ.