ಸೀಗ್ ಎಕ್ಸ್‌2 ಮಿನಿ ಮಿಲ್: ಉಕ್ಕಿಗೆ ಎಷ್ಟು ವೇಗ, ಎಷ್ಟು ಕಟ್?

ಮನೆಯ ವರ್ಕ್‌ಶಾಪಿಗೆ ಮಿಲ್ಲಿಂಗ್ ಮಷೀನ್ (ತಿರುಗುವ ಕಟರಿನಿಂದ ಲೋಹ ಕತ್ತರಿಸುವ ಯಂತ್ರ) ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ಸೀಗ್ ಎಕ್ಸ್‌2, ಇಲ್ಲವೇ ಬೇರೆ ಹೆಸರು, ಬೇರೆ ಬಣ್ಣದಲ್ಲಿ ಮಾರಾಟವಾಗುವ ಅದೇ ಅಚ್ಚಿನ ಮಷೀನು. 350 ವ್ಯಾಟಿನ ಡಿಸಿ ಮೋಟರು, ಎರಡು ಗೇರು: ಲೋ ಗೇರಿನಲ್ಲಿ ಸುಮಾರು 1100 ಆರ್‌ಪಿಎಂ, ಹೈನಲ್ಲಿ 2500. ಉಕ್ಕು ಕತ್ತರಿಸುತ್ತದೆಯೇ? ಧಾರಾಳವಾಗಿ. ಆದರೆ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಎಚ್‌ಎಂಟಿಯ ಭಾರಿ ಮಿಲ್ಲಿಂಗ್ ಮಷೀನಿನ ಮೇಲೆ ತೆಗೆಯುವ ಕಟ್ ಇಲ್ಲಿ ನಡೆಯುವುದಿಲ್ಲ.

ವೇಗದ ಲೆಕ್ಕ ಸುಲಭ. ಕಟಿಂಗ್ ಸ್ಪೀಡನ್ನು, ಅಂದರೆ ಕಟರಿನ ಅಂಚು ನಿಮಿಷಕ್ಕೆ ಸಾಗುವ ಮೀಟರನ್ನು, 318ರಿಂದ ಗುಣಿಸಿ, ಕಟರಿನ ವ್ಯಾಸದಿಂದ (ಮಿ.ಮೀ.) ಭಾಗಿಸಿದರೆ ಆರ್‌ಪಿಎಂ ಸಿಗುತ್ತದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್‌ಗೆ, ಅಂದರೆ ತುದಿಯಿಂದಲೂ ಬದಿಯಿಂದಲೂ ಕತ್ತರಿಸುವ ಕಟರಿಗೆ, ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ 25 ಮೀಟರ್ ಹಿಡಿಯಿರಿ: 10 ಮಿ.ಮೀ. ಕಟರಿಗೆ 800, 12ಕ್ಕೆ 660, 16ಕ್ಕೆ 500. ಇಎನ್ 8 (ಮಧ್ಯಮ ಕಾರ್ಬನ್ ಉಕ್ಕು) ಆದರೆ 20 ಮೀಟರ್, 304 ಸ್ಟೇನ್‌ಲೆಸ್ ಆದರೆ 12ರಿಂದ 15. 6 ಮಿ.ಮೀ. ಕಟರಿಗೆ ಲೆಕ್ಕ 1325 ಎನ್ನುತ್ತದೆ. ಅಷ್ಟಕ್ಕಾಗಿ ಹೈ ಗೇರಿಗೆ ಹೋಗಬೇಡಿ, ಲೋ ಗೇರಿನ 1100ರಲ್ಲೇ ಓಡಿಸಿ. ಮೋಟರು ಪೂರ್ತಿ ಓಡುವಾಗಲೇ ಅದರ ಶಕ್ತಿ ಪೂರ್ತಿ ಸಿಗುವುದು. ವೇಗದ ನಾಬನ್ನು ಅರ್ಧಕ್ಕೆ ಇಳಿಸಿದರೆ ಶಕ್ತಿಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 16ರ ಕಟರು ಇಲ್ಲಿ ಏದುಸಿರು ಬಿಡುವುದು ಇದಕ್ಕೇ. 10 ಮಿ.ಮೀ. ಈ ಮಷೀನಿಗೆ ಹೇಳಿ ಮಾಡಿಸಿದ ಅಳತೆ. ನಾಬಿನ ಗುರುತು ನಂಬುವ ಬದಲು ಆರ್‌ಪಿಎಂ ಅಳೆಯಲು ಒಂದು ಆಪ್ಟಿಕಲ್ ಟ್ಯಾಕೋಮೀಟರ್ ಇಟ್ಟುಕೊಳ್ಳಿ.

ಎಚ್‌ಎಸ್‌ಎಸ್‌ಗಿಂತ ಗಟ್ಟಿಯಾದರೂ ಸುಲಭವಾಗಿ ಚೂರಾಗುವ ಕಾರ್ಬೈಡ್ ಕಟರಿಗೆ ದುಡ್ಡು ಹಾಕುವ ಮುನ್ನ ಯೋಚಿಸಿ. ಉಕ್ಕಿನಲ್ಲಿ 80 ಮೀಟರ್ ಬೇಕೆಂದರೆ 6 ಮಿ.ಮೀ. ಕಟರು 4200 ಆರ್‌ಪಿಎಂ ಮೇಲೆ ತಿರುಗಬೇಕು. ಇಲ್ಲಿ 2500ಕ್ಕೇ ಮುಗಿಯಿತು. ಸಾಲದ್ದಕ್ಕೆ ಮಷೀನಿನ ಅದುರುವಿಕೆಗೆ ಕಾರ್ಬೈಡಿನ ಅಂಚು ಚೂರು ಚೂರಾಗಿ ಉದುರುತ್ತದೆ. ಒಳ್ಳೆಯ ಎಚ್‌ಎಸ್‌ಎಸ್ ಅಥವಾ ಕೋಬಾಲ್ಟ್ ಕಟರೇ ವಾಸಿ.

ಹೆಚ್ಚಿನವರು ಎಡವುವುದು ವೇಗದಲ್ಲಲ್ಲ, ಫೀಡಿನಲ್ಲಿ, ಅಂದರೆ ಟೇಬಲ್ಲನ್ನು ಕಟರಿನತ್ತ ಸಾಗಿಸುವ ವೇಗದಲ್ಲಿ. ನಾಲ್ಕು ಹಲ್ಲಿನ 10 ಮಿ.ಮೀ. ಕಟರು 800ರಲ್ಲಿ ತಿರುಗುತ್ತಿದ್ದರೆ, ಹಲ್ಲಿಗೆ 0.03 ಮಿ.ಮೀ.ನಂತೆ ನಿಮಿಷಕ್ಕೆ ಸುಮಾರು 100 ಮಿ.ಮೀ. ಸಾಗಬೇಕು. ಹೆದರಿ 30ರಲ್ಲಿ ತೆವಳಿಸಿದರೆ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಅಂಚು ಹೊಳಪೇರಿ ಮೊಂಡಾಗುತ್ತದೆ. ಸ್ಟೇನ್‌ಲೆಸ್ ಆದರಂತೂ ಉಜ್ಜಿದ ಜಾಗ ಗಟ್ಟಿಯಾಗಿ ಮುಂದಿನ ಹಲ್ಲನ್ನೂ ತಿನ್ನುತ್ತದೆ. ಚಿಪ್ಪನ್ನು (ಕತ್ತರಿಸಿ ಬಂದ ಲೋಹದ ಚೂರನ್ನು) ಬ್ರಷ್ಷಿನಿಂದ ಬಿಳಿ ಕಾಗದದ ಮೇಲೆ ಎಳೆದು ನೋಡಿ. 1 ಮಿ.ಮೀ. ಆಳದ ಕಟ್ಟಿಗೆ ಅಷ್ಟೇ ಅಗಲದ, ಕತ್ತರಿಸಿದ ಉಗುರಿನಂತೆ ಬಾಗಿದ, ಬೆಳ್ಳಿ ಬಣ್ಣದ ಚೂರು ಬಂದರೆ ಸರಿ. ಬರೀ ಪುಡಿ ಬಂದರೆ ಫೀಡ್ ಹೆಚ್ಚಿಸಿ. ಎಚ್‌ಎಸ್‌ಎಸ್‌ನಲ್ಲಿ ನೀಲಿ ಚಿಪ್ ಬಂದರೆ ವೇಗ ಇಳಿಸಿ, ಕಟಿಂಗ್ ಆಯಿಲ್ ಹಚ್ಚಿ. ಕಿರ್‌ ಎಂದು ಕಿರುಚಿದರೆ ಆರ್‌ಪಿಎಂ ಇಳಿಸಿ, ಫೀಡ್ ಏರಿಸಿ. ಕೈ ಮಾತ್ರ ಇದರ ಉಲ್ಟಾ ಮಾಡಲು ಹವಣಿಸುತ್ತದೆ.

ಹಾಟ್ ರೋಲ್ಡ್ ಪಟ್ಟಿಯ ಗಟ್ಟಿಯಾದ ಕಪ್ಪು ಸಿಪ್ಪೆಯ ಮೇಲೆ 0.2 ಮಿ.ಮೀ. ಆಳದ ಕಟ್ ತೆಗೆದರೆ ಹೊಸ ಕಟರಿನ ಮೂಲೆ ಒಂದೇ ಪಾಸಿನಲ್ಲಿ ಹೋಗುತ್ತದೆ. ಮೊದಲು ಗ್ರೈಂಡ್ ಮಾಡಿ, ಇಲ್ಲವೇ ಸಿಪ್ಪೆಯ ಕೆಳಗೆ ಇಳಿಯುವಷ್ಟು ಆಳ ಕೊಡಿ.

ಮಷೀನಿನ ನಿಜವಾದ ದೌರ್ಬಲ್ಯ ಹೆಡ್ಡನ್ನು ಹೊರುವ ಕಂಬದ್ದು. ಓರೆಯಾಗಿಸಲು ಬರುವ ಆ ಕಂಬ ಬುಡದಲ್ಲಿ ಒಂದೇ ದೊಡ್ಡ ನಟ್ಟಿನ ಮೇಲೆ ನಿಂತಿದೆ. ಹಾಗಾಗಿ 10 ಮಿ.ಮೀ. ಸ್ಲಾಟಿಗೆ ಆಳ 1 ಮಿ.ಮೀ. ಸಾಕು. ಬದಿ ಕಟ್ಟಾದರೆ 5 ಮಿ.ಮೀ. ಆಳ, ಅರ್ಧ ಮಿ.ಮೀ. ಅಗಲ. ಕೆಲಸವಿಲ್ಲದ ಆಕ್ಸಿಸ್ಸನ್ನು ಲಾಕ್ ಮಾಡಿ. ಟೇಬಲ್ ಸಾಗಿಸುವ ಸ್ಕ್ರೂವಿನಲ್ಲಿ ಬ್ಯಾಕ್‌ಲ್ಯಾಶ್ (ಸಡಿಲ) ಇರುವುದರಿಂದ ಕಟರು ತಿರುಗುವ ದಿಕ್ಕಿಗೆ ಎದುರಾಗಿಯೇ ಜಾಬ್ (ಕತ್ತರಿಸುವ ತುಂಡು) ನೂಕಿ. ಇಲ್ಲದಿದ್ದರೆ ಕಟರೇ ಟೇಬಲ್ಲನ್ನು ಎಳೆದುಕೊಂಡು ಹಲ್ಲು ಮುರಿದುಕೊಳ್ಳುತ್ತದೆ.

ಹೆಡ್ಡಿನೊಳಗಿನ ಗೇರು ಪ್ಲಾಸ್ಟಿಕ್ಕಿನದು. ಕಟರು ಸಿಕ್ಕಿಕೊಂಡರೆ ಮೊದಲು ಹೋಗುವುದು ಅದರ ಹಲ್ಲು. ಗೇರನ್ನು ಸ್ಪಿಂಡಲ್ ಪೂರ್ತಿ ನಿಂತ ಮೇಲಷ್ಟೇ ಬದಲಿಸಿ. ಬೆಲ್ಟ್ ಡ್ರೈವ್ ಕಿಟ್ ಹಾಕಿಸಿದರೆ ಸದ್ದು ತಗ್ಗುತ್ತದೆ, ಪ್ಲಾಸ್ಟಿಕ್ ಗೇರಿನ ಜಾಗದಲ್ಲಿ ಬೆಲ್ಟ್ ಬರುವುದರಿಂದ ಹಲ್ಲು ಮುರಿಯುವ ಚಿಂತೆಯೂ ಇರುವುದಿಲ್ಲ. ಬ್ರಾಕೆಟ್, ಕೀವೇ (ಶಾಫ್ಟಿನಲ್ಲಿ ಕೀಲಿ ಕೂರುವ ಗಾಡಿ), ಮಾಡೆಲ್ ಇಂಜಿನ್ನಿನ ಬಿಡಿಭಾಗಗಳಂಥ ಕೆಲಸಕ್ಕೆ ಈ ಮಷೀನ್ ಕೊಳ್ಳಿ. 50 ಮಿ.ಮೀ. ಫೇಸ್ ಮಿಲ್ (ಅಗಲವಾದ ಮೇಲ್ಮೈ ಸಮ ಮಾಡುವ ಕಟರು) ಓಡಿಸುವ ಆಸೆಯಿದ್ದರೆ ಇದಕ್ಕಿಂತ ಭಾರದ ಮಷೀನ್ ನೋಡಿ.