ಹಳೆ ಪಿಸಿಗೆ ಆರ್‌ಎಕ್ಸ್ 6600: 1080ಪಿ ಆಟಕ್ಕೆ ಇಷ್ಟು ಸಾಕು

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪಿಸಿ 2017-18ರ ಕಾಲದ್ದು, ಮಾನಿಟರ್ 1080ಪಿ (ಫುಲ್ ಎಚ್‌ಡಿ), ಕೈಯಲ್ಲಿರುವುದು 25,000 ರೂಪಾಯಿ ಒಳಗೆ ಅಂದರೆ ಎಎಂಡಿ ಕಂಪನಿಯ 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6600 ತೆಗೆದುಕೊಳ್ಳಿ. ಇದು 2021ರ ಅಕ್ಟೋಬರಿನಲ್ಲಿ ಬಂದ ಕಾರ್ಡ್, ಹೊಸದೇನಲ್ಲ. ಆದರೂ ಹಳೆ ಯಂತ್ರಕ್ಕೆ ಇದರಷ್ಟು ಸಲೀಸಾಗಿ ಹೊಂದಿಕೊಳ್ಳುವ ಇನ್ನೊಂದು ಕಾರ್ಡ್ ಈ ಬೆಲೆಯಲ್ಲಿ ನನಗೆ ಕಾಣಲಿಲ್ಲ.

ನನ್ನದು ರೈಜೆನ್ 5 2600 ಸಿಪಿಯು, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್. ಇಷ್ಟು ವರ್ಷ ಅದರಲ್ಲಿ ಎನ್ವಿಡಿಯಾದ ಜಿಟಿಎಕ್ಸ್ 1050 ಟಿಐ ಕಾರ್ಡ್ ಇತ್ತು. 2016ರ ಆ ಕಾರ್ಡ್ ಬಗ್ಗೆ ನನಗೆ ಗೌರವವಿದೆ, 75 ವ್ಯಾಟಿನಲ್ಲಿ ಬೇರೆ ಪವರ್ ಕೇಬಲ್ಲೇ ಇಲ್ಲದೆ ಓಡುತ್ತಿತ್ತು. ಆದರೆ ಈಗಿನ ಆಟಗಳಿಗೆ ಅದರ 4 ಜಿಬಿ ಮೆಮೊರಿ ಸಾಲುವುದಿಲ್ಲ. ಗೋಡೆ, ರಸ್ತೆ ಎಲ್ಲ ಮಸುಕಾಗಿ ಕಾಣುತ್ತವೆ, ಗಾಡಿ ತಿರುಗಿಸಿದ ಕಡೆಯೆಲ್ಲ ಆಟ ಒಂದು ಕ್ಷಣ ನಿಂತು ಮುಂದೆ ಹೋಗುತ್ತದೆ. ಅದರ ಜೊತೆಗೆ, ಈ ತಲೆಮಾರಿನ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಬರುತ್ತಿದ್ದ ಡ್ರೈವರನ್ನು (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಎನ್ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿತು. ಇನ್ನು ಅವಕ್ಕೆ ಬರುವುದು ಭದ್ರತೆಯ ಅಪ್ಡೇಟ್ ಮಾತ್ರ.

ಕಾರ್ಡ್ ಆರಿಸುವಾಗ ಎಲ್ಲರೂ ಮೊದಲು ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವುದನ್ನು ನೋಡುತ್ತಾರೆ. ಹಳೆ ಪಿಸಿಯಲ್ಲಿ ಮೊದಲು ನೋಡಬೇಕಾದ್ದು ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟು ಕೊಡುವ ಡಬ್ಬ. ಕ್ಯಾಬಿನೆಟ್ ಜೊತೆಗೇ ಬರುವ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್, 500 ವ್ಯಾಟ್ ಅಂತ ಬರೆದಿರುತ್ತಾರೆ, ಆದರೆ ಕಾರ್ಡಿಗೆ ಬೇಕಾದ 8 ಪಿನ್ ಕೇಬಲ್ಲೇ ಅದರಲ್ಲಿ ಇರುವುದಿಲ್ಲ, 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಸಿಗುತ್ತದೆ ಅಂತ ಪಕ್ಕದ ಲೇಬಲ್ ಓದಿ ಲೆಕ್ಕ ಹಾಕಿದರೆ ಮೇಲೆ ಬರೆದದ್ದರ ಅರ್ಧವೂ ಬರದ ಡಬ್ಬಗಳಿವೆ. ಮೋಲೆಕ್ಸ್ ಅನ್ನುವ ಹಳೆ 4 ಪಿನ್ ಕನೆಕ್ಟರಿನಿಂದ 8 ಪಿನ್ನಿಗೆ ಬದಲಾಯಿಸುವ ಚಿಕ್ಕ ಕೇಬಲ್ ಹಾಕಿ ನಡೆಸಿಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಕನೆಕ್ಟರ್ ಕರಗುವುದು ಹಾಗೆಯೇ.

ಆರ್‌ಎಕ್ಸ್ 6600 ಎಳೆಯುವುದು ಹೆಚ್ಚೆಂದರೆ 132 ವ್ಯಾಟ್. ಒಂದೇ ಒಂದು 8 ಪಿನ್ ಸಾಕು. ಹೆಸರಿರುವ ಕಂಪನಿಯ 450 ವ್ಯಾಟಿನ ಎಸ್‌ಎಂಪಿಎಸ್ ಇದ್ದರೆ ಬದಲಾಯಿಸುವ ಅಗತ್ಯವೇ ಇಲ್ಲ. ನನ್ನ ಹತ್ತಿರ ಇದ್ದದ್ದು ಕ್ಯಾಬಿನೆಟ್ ಜೊತೆ ಬಂದದ್ದೇ, ಹಾಗಾಗಿ 550 ವ್ಯಾಟಿನ, 80 ಪ್ಲಸ್ ಬ್ರಾಂಝ್ (ಕರೆಂಟು ಪೋಲು ಮಾಡದ್ದಕ್ಕೆ ಸಿಗುವ ದರ್ಜೆ) ಇರುವ ಒಂದನ್ನು ಸೇರಿಸಿಕೊಂಡೆ. ಅದಕ್ಕೆ ಹೋದ ದುಡ್ಡು ದಂಡ ಅಂತ ನನಗೆ ಒಂದು ಸಲವೂ ಅನ್ನಿಸಿಲ್ಲ.

ಯುಪಿಎಸ್ ವಿಷಯವನ್ನು ಹೊರಗಿನ ರಿವ್ಯೂಗಳಲ್ಲಿ ಯಾರೂ ಎತ್ತುವುದಿಲ್ಲ. ನಾನು ಇರುವುದು ದಾವಣಗೆರೆಯಲ್ಲಿ, ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಪಿಸಿಗೆ ಇರುವುದು 600 ವಿಎ ಯುಪಿಎಸ್, ಅದು ತಾಳುವುದು 360 ವ್ಯಾಟ್ ಅಷ್ಟೇ. 65 ವ್ಯಾಟಿನ ಸಿಪಿಯು, ಈ ಕಾರ್ಡ್, ಮಾನಿಟರ್ ಎಲ್ಲ ಸೇರಿಸಿದರೂ ಆಟದ ಹೊತ್ತಿನಲ್ಲಿ ಒಟ್ಟು ಬಳಕೆ 300 ವ್ಯಾಟ್ ಒಳಗೇ ಇರುತ್ತದೆ. ಕರೆಂಟು ಹೋದಾಗ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಸಮಯ ಸಿಗುತ್ತದೆ. ಇದೇ ಜಾಗದಲ್ಲಿ 185 ವ್ಯಾಟಿನ, ಎಎಂಡಿಯದೇ ಹಳೆ ಕಾರ್ಡ್ ಆರ್‌ಎಕ್ಸ್ 580 ಇದ್ದರೆ ಯುಪಿಎಸ್ ಅಂಚಿಗೆ ಬಂದು ಕೂಗಲು ಶುರು ಮಾಡುತ್ತದೆ.

ಆರ್‌ಎಕ್ಸ್ 580 ಅಂದೆನಲ್ಲ, ಅದರ ಕಥೆಯನ್ನೂ ಹೇಳಬೇಕು. ಕಂಪ್ಯೂಟರ್ ಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಅಂಗಡಿಯವರು ನನಗೆ ಅದನ್ನೇ ಕೊಡಲು ತುಂಬಾ ಒತ್ತಾಯ ಮಾಡಿದರು. "ತಗೊಳ್ಳಿ ಸಾರ್, ಅದೂ 8 ಜಿಬಿನೇ, ಅರ್ಧ ರೇಟು" ಅಂತ. ಬಾಕ್ಸ್ ಇಲ್ಲ, ಬಿಲ್ ಇಲ್ಲ, ವಾರಂಟಿ ಅಂಗಡಿಯ ಬಾಯಿಮಾತಿನದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಮ್ ಅನ್ನುವ ಕ್ರಿಪ್ಟೋ ಹಣಕ್ಕಾಗಿ ಕಾರ್ಡುಗಳಲ್ಲಿ ನಡೆಯುತ್ತಿದ್ದ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಇಂಥ ಕಾರ್ಡುಗಳು ರಾಶಿ ರಾಶಿಯಾಗಿ ಮಾರುಕಟ್ಟೆಗೆ ಬಂದವು. ಕೆಲವು 2304ರ ಬದಲು 2048 ಕೋರ್ ಇರುವ ಕಡಿಮೆ ದರ್ಜೆಯವು, ಹೆಸರು ಮಾತ್ರ ಅದೇ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಪೀಳಿಗೆಯಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ಚಿತ್ರ ಮೂಡಿಸುವುದು) ಹಾರ್ಡ್‌ವೇರೇ ಇಲ್ಲ, ಮೆಶ್ ಶೇಡರ್ (ವಸ್ತುಗಳ ಆಕಾರವನ್ನು ಬೇಗ ಮೂಡಿಸುವ ಹೊಸ ವಿಧಾನ) ಇಲ್ಲ. ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್ ಆಟಗಳಿಗೆ ರೇ ಟ್ರೇಸಿಂಗ್ ಕಡ್ಡಾಯ. ಅಲನ್ ವೇಕ್ 2 ಮೆಶ್ ಶೇಡರನ್ನು ನಂಬಿಕೊಂಡಿದೆ. ಈ ಮೂರೂ ಎಎಂಡಿ ಕಡೆಯಿಂದ ಕನಿಷ್ಠ ಬೇಕು ಅಂತ ಹೆಸರಿಸುವ ಕಾರ್ಡ್ ಆರ್‌ಎಕ್ಸ್ 6600. ಅರ್ಧ ರೇಟು ಕೊಟ್ಟು ಹೊಸ ಆಟಗಳ ಬಾಗಿಲನ್ನೇ ಮುಚ್ಚಿಕೊಳ್ಳುವುದು ಯಾಕೆ?

ಬೇರೆ ಆಯ್ಕೆಗಳನ್ನೂ ನೋಡಿದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಬೆಲೆ ಕಡಿಮೆ, ಆದರೆ ಪಿಸಿಐಇಯ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ದಾರಿ) 4 ಲೇನ್ ಮಾತ್ರ ಬಳಸುತ್ತದೆ, ಮೆಮೊರಿ 4 ಜಿಬಿ. ಹಳೆ ಬೋರ್ಡಿನ ಪಿಸಿಐಇ 3.0ದಲ್ಲಿ ಅದು ಜಾಸ್ತಿ ಸೊರಗುತ್ತದೆ, ಅಂದರೆ ಹಳೆ ಪಿಸಿ ಇರುವವರೇ ಕೊಳ್ಳಬಾರದ ಕಾರ್ಡ್ ಅದು. ಇಂಟೆಲ್ ಆರ್ಕ್ ಕಾರ್ಡುಗಳು ಚೆನ್ನಾಗಿವೆ, ಆದರೆ ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿ ಒಟ್ಟಿಗೇ ಸಿಪಿಯು ಕೈಗೆ ಸಿಗುವ ಸೌಲಭ್ಯ) ಇಲ್ಲದಿದ್ದರೆ ಅವುಗಳ ವೇಗ ಬಿದ್ದುಹೋಗುತ್ತದೆ, ನನ್ನದರಂಥ ಹಳೆ ಸಿಪಿಯುಗಳಿಗೆ ಅದು ಅಧಿಕೃತವಾಗಿ ಇಲ್ಲ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಒಂದು ಜಾಗದಲ್ಲಿ ಮಾತ್ರ ಗೆಲ್ಲುತ್ತದೆ: 70 ವ್ಯಾಟ್, ಹೆಚ್ಚಿನ ಮಾದರಿಗಳಿಗೆ ಪವರ್ ಕೇಬಲ್ ಬೇಡ. ಆಫೀಸಿನಿಂದ ಹರಾಜಿಗೆ ಬಂದ ಡೆಲ್ ಆಪ್ಟಿಪ್ಲೆಕ್ಸ್ ಥರದ ಪಿಸಿ, ಎಸ್‌ಎಂಪಿಎಸ್ ಬದಲಾಯಿಸಲು ಆಗುವುದೇ ಇಲ್ಲ ಅಂತಾದರೆ ಅದನ್ನು ತೆಗೆದುಕೊಳ್ಳಿ. ಉಳಿದವರಿಗೆ 6600 ಬಹಳ ಮುಂದಿದೆ.

ಕೊನೆಗೆ ಎಸ್‌ಪಿ ರೋಡಿನ ಬೇರೆ ಅಂಗಡಿಯಲ್ಲಿ ಸೀಲ್ ಒಡೆಯದ ಬಾಕ್ಸ್, ಜಿಎಸ್‌ಟಿ ಬಿಲ್, ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಂಡು ತೆಗೆದುಕೊಂಡೆ. ಕಾರ್ಡಿಗೆ 20,000ದ ಆಸುಪಾಸು ಆಯಿತು. ಬಿಲ್ ಬೇಡ ಅಂದರೆ ಸ್ವಲ್ಪ ಕಡಿಮೆ ಮಾಡುತ್ತೇವೆ ಅನ್ನುತ್ತಾರೆ, ಒಪ್ಪಬೇಡಿ. ನಾಳೆ ವಾರಂಟಿಗೆ ಅದೇ ಬಿಲ್ ಕೇಳುತ್ತಾರೆ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ಫಿಟ್ ಮಾಡುವುದು ಸುಲಭ. ನಾನು ತಂದದ್ದು ಎರಡು ಫ್ಯಾನಿನ, 20 ಸೆಂಟಿಮೀಟರಿಗಿಂತ ಕಡಿಮೆ ಉದ್ದದ ಮಾದರಿ, ಚಿಕ್ಕ ಕ್ಯಾಬಿನೆಟ್ಟಿನಲ್ಲೂ ಕೂರುತ್ತದೆ. ಎನ್ವಿಡಿಯಾದಿಂದ ಎಎಂಡಿಗೆ ಬರುವವರು ಹಳೆ ಡ್ರೈವರನ್ನು ಡಿಡಿಯು ಅನ್ನುವ ಚಿಕ್ಕ ಸಾಫ್ಟ್‌ವೇರ್ ಹಾಕಿ ಪೂರ್ತಿ ತೆಗೆದುಬಿಡಿ. ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಎಚ್ಚರ, ಈ ಕಾರ್ಡಿನಲ್ಲಿ ಇರುವುದು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್ ಅಷ್ಟೇ.

ಇನ್ನು ಆಟ. ಫೋರ್ಝಾ ಹೊರೈಝನ್ 5ರಲ್ಲಿ ಹೈ ಸೆಟ್ಟಿಂಗ್ ಇಟ್ಟರೂ, ಮಿತಿ ಹಾಕದಿದ್ದರೆ 80 ಎಫ್‌ಪಿಎಸ್ ಮೇಲೆ ಆರಾಮಾಗಿ ಬರುತ್ತದೆ. ಎಲ್ಡೆನ್ ರಿಂಗ್ ಆಟಕ್ಕೆ 60ರ ಮಿತಿ ಇದೆ, ಅಲ್ಲಿಯೇ ನಿಂತಿರುತ್ತದೆ. ರೆಡ್ ಡೆಡ್ ರಿಡೆಂಪ್ಶನ್ 2ರಲ್ಲಿ ಸಂಜೆಯ ಬೆಳಕು, ಹಿಮ, ಕುದುರೆಯ ಮೈಮೇಲಿನ ಕೂದಲು ಎಲ್ಲ ಮೊದಲ ಬಾರಿಗೆ ಸರಿಯಾಗಿ ಕಂಡವು. ಅದೇ ಆಟವನ್ನು ಹಳೆ ಕಾರ್ಡಿನಲ್ಲಿ ಮುಗಿಸಿದ್ದೆ, ಆದರೂ ಶುರುವಿನಿಂದ ಮತ್ತೆ ಆಡುತ್ತಿದ್ದೇನೆ, ಅಷ್ಟು ಖುಷಿಯಾಗಿದೆ. ಸೈಬರ್‌ಪಂಕ್ 2077ರಲ್ಲಿ ಎಫ್‌ಎಸ್‌ಆರ್ (ಚಿಕ್ಕ ಚಿತ್ರವನ್ನು ಹಿಗ್ಗಿಸಿ ವೇಗ ಹೆಚ್ಚಿಸುವ ಎಎಂಡಿಯ ಸೌಲಭ್ಯ) ಹಾಕಿದರೆ 60ರ ಹತ್ತಿರ ಬರುತ್ತದೆ, ಆದರೆ ಜನ ತುಂಬಿದ ಬೀದಿಗೆ ಹೋದ ತಕ್ಷಣ ಬೀಳುತ್ತದೆ. ಅಲ್ಲಿ ಕಾರ್ಡಿನದೇನೂ ತಪ್ಪಿಲ್ಲ. ಕಾರ್ಡಿನ ಬಳಕೆ 70 ಪರ್ಸೆಂಟ್ ತೋರಿಸುತ್ತಿರುತ್ತದೆ, ಸಿಪಿಯು ಸುಸ್ತಾಗಿರುತ್ತದೆ. ವ್ಯಾಲರಂಟ್ ಮಾತ್ರ ಆಡುವವರು ಈ ಕಾರ್ಡಿಗೆ ದುಡ್ಡು ಹಾಕಬೇಡಿ, ಆ ಆಟ ನಿಂತಿರುವುದೇ ಸಿಪಿಯು ಮೇಲೆ.

ಪಿಸಿಐಇ 3.0ದಲ್ಲಿ ಆರ್‌ಎಕ್ಸ್ 6600 8 ಲೇನಿನಲ್ಲೇ ಓಡಬೇಕು, ಅದರಿಂದ ಆಗುವ ನಷ್ಟ ಆಡುವಾಗ ಗೊತ್ತೇ ಆಗುವುದಿಲ್ಲ. ಆದರೆ ಇಂಟೆಲ್ ಎರಡನೇ ಪೀಳಿಗೆಯ ಐ5 ಇರುವವರದು ಪಿಸಿಐಇ 2.0, ಸಿಪಿಯು ಕೂಡ ತುಂಬಾ ಹಳೆಯದು. ಅಲ್ಲಿಗೆ ಈ ಕಾರ್ಡ್ ಬೇಡ, ದುಡ್ಡು ಕೂಡಿಡಿ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಇನ್ನೊಂದು ಹಾಕಿ, ಎರಡು 8 ಜಿಬಿ ಕಡ್ಡಿ ಇದ್ದರೆ ಆಟದ ತಡವರಿಕೆ ಬಹಳ ಕಡಿಮೆಯಾಗುತ್ತದೆ.

ಕೊರತೆಗಳಿವೆ. ರೇ ಟ್ರೇಸಿಂಗ್ ಇದೆ, ಆದರೆ ಅದನ್ನು ಜೋರಾಗಿ ಬಳಸುವ ಆಟಗಳಲ್ಲಿ ಆನ್ ಮಾಡುವ ಆಸೆ ಬಿಡಿ. ಬ್ಲೆಂಡರ್ (3ಡಿ ಚಿತ್ರ ಮಾಡುವ ಸಾಫ್ಟ್‌ವೇರ್), ಎಐ ಥರದ ಕೆಲಸ ಇರುವವರು ಸ್ವಲ್ಪ ಜಾಸ್ತಿ ಕೊಟ್ಟು ಆರ್‌ಟಿಎಕ್ಸ್ 3060ರ 12 ಜಿಬಿ ನೋಡುವುದೇ ಸರಿ. ಡ್ರೈವರಿನ ವಿಷಯದಲ್ಲಿ ನನಗೆ ನಿಜವಾಗಿಯೂ ಬೇಸರವಿದೆ. 2025ರ ಕೊನೆಯಲ್ಲಿ ಎಎಂಡಿ ಆರ್‌ಎಕ್ಸ್ 5000 ಮತ್ತು 6000 (ಈ ಕಾರ್ಡ್ ಬರುವುದು ಇದರಲ್ಲೇ) ಸರಣಿಗಳನ್ನು ಬೇರೆ ಡ್ರೈವರ್ ಶಾಖೆಗೆ ಸರಿಸಿತು. ಜನ ಗಲಾಟೆ ಮಾಡಿದ ಮೇಲೆ ಹೊಸ ಆಟಗಳ ಬೆಂಬಲ ಮುಂದುವರಿಯುತ್ತದೆ ಅಂತ ಹೇಳಿದರು. ಇನ್ನೂ ಅಂಗಡಿಯಲ್ಲಿ ಹೊಸದಾಗಿ ಮಾರಾಟವಾಗುವ ಕಾರ್ಡಿಗೆ ಹೀಗೆ ಮಾಡಬಾರದು, ಅಲ್ವಾ?

ಸದ್ದು, ಬಿಸಿ ಎರಡೂ ಕಡಿಮೆ. ಸುಮ್ನೆ ಬ್ರೌಸ್ ಮಾಡುವಾಗ ಫ್ಯಾನ್ ತಿರುಗುವುದೇ ಇಲ್ಲ. ನಮ್ಮೂರ ಏಪ್ರಿಲ್ ಬಿಸಿಲಿಗೆ ಎಎಂಡಿಯ ಅಡ್ರಿನಲಿನ್ ಸಾಫ್ಟ್‌ವೇರಿನಲ್ಲಿ ವೋಲ್ಟೇಜ್ ಒಂಚೂರು ಇಳಿಸಿ, ಎಫ್‌ಪಿಎಸ್ ಅನ್ನು 75ಕ್ಕೆ ಕಟ್ಟಿಹಾಕಿದ್ದೇನೆ, ನನ್ನ ಮಾನಿಟರ್ ತೋರಿಸುವುದೇ ಅಷ್ಟು.

ಮುಂದೆ ದುಡ್ಡು ಕೂಡಿದಾಗ ಇದೇ ಬೋರ್ಡಿಗೆ ರೈಜೆನ್ 5 5600 ಸಿಪಿಯು ಹಾಕುತ್ತೇನೆ. ಬಿ450 ಇರುವವರು ಅದಕ್ಕೆ ಮೊದಲು ಬಯೋಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಅಪ್ಡೇಟ್ ಮಾಡಿಕೊಳ್ಳಿ, ಅದನ್ನು ಹಳೆ ಸಿಪಿಯು ಬೋರ್ಡಿನಲ್ಲಿ ಇರುವಾಗಲೇ ಮಾಡಬೇಕು.